ಡೊಮೇನ್ ಯಾರ ಹೆಸರಿನಲ್ಲಿದೆ?

ಪ್ರೀತಿಯ ಪುಟ್ಟಿ,

ಬೆಂಗಳೂರಿನ ಕೆಲಸ ಬಿಟ್ಟು ದಾವಣಗೆರೆಯಲ್ಲೇ ಸ್ವಂತವಾಗಿ ವೆಬ್‌ಸೈಟ್ ಕೆಲಸ ಶುರು ಮಾಡುತ್ತೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಆತಂಕವಿತ್ತು. ನನಗೆ ಖುಷಿಯಾಯಿತು. ನಮ್ಮ ಕಡೆಯ ನರ್ಸಿಂಗ್ ಹೋಂ, ಪತ್ತಿನ ಸಹಕಾರ ಸಂಘ, ಬಟ್ಟೆ ಅಂಗಡಿ, ಹೈಸ್ಕೂಲುಗಳಿಗೆ ಕನ್ನಡ ಬಲ್ಲ, ಕರೆದರೆ ಬಂದು ಎದುರು ಕೂತು ಮಾತಾಡುವ ಒಬ್ಬರು ಬೇಕು. ದೊಡ್ಡ ಕಂಪನಿಗಳಿಗೆ ಇಷ್ಟು ಸಣ್ಣ ಕೆಲಸ ಬೇಡ. ಹಾಗಾಗಿ ಕೆಲಸ ಸಿಗುತ್ತದೆ, ಆ ಚಿಂತೆ ಬಿಡು. ಇದೇ ವೃತ್ತಿಯಲ್ಲಿ ಅನ್ನ ಕಂಡವಳಾಗಿ ನಾನು ಹೇಳಬೇಕಾದದ್ದು ಬೇರೆ ಇದೆ. ನಿನ್ನಂಥವರು ಹಾಸನ, ಗದಗ, ಪುತ್ತೂರುಗಳಲ್ಲೂ ಇದ್ದಾರೆ, ಅವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಗ್ರಾಹಕರ ಡೊಮೇನನ್ನು ನಿನ್ನ ಹೆಸರಿನಲ್ಲಿ ಕೊಳ್ಳಬೇಡ. ಎಷ್ಟೇ ಒತ್ತಾಯ ಮಾಡಿದರೂ ಬೇಡ. ಡಾಕ್ಟರಿಗೆ ಪುರುಸೊತ್ತಿರುವುದಿಲ್ಲ, ಒಟಿಪಿ ಬರುವ ಫೋನು ಮನೆಯಲ್ಲಿರುತ್ತದೆ. 'ನೀವೇ ಮಾಡಿಬಿಡಿ ಮೇಡಂ, ಬಿಲ್ಲಿಗೆ ಸೇರಿಸಿ' ಅನ್ನುತ್ತಾರೆ. ಆ ಹೊತ್ತಿಗೆ ಅದೇ ಸುಲಭ ಅನ್ನಿಸುತ್ತದೆ. ಹೀಗೆ ಊರಿನ ಅರ್ಧ ಸಂಸ್ಥೆಗಳ ಹೆಸರುಗಳು ಒಬ್ಬ ಡಿಸೈನರ್ ಖಾತೆಯಲ್ಲಿ ಸೇರಿಕೊಳ್ಳುತ್ತವೆ. ಕೆಲವರು ಇದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಗ್ರಾಹಕರು ಬೇರೆಯವರ ಬಳಿ ಹೋಗುತ್ತೇವೆಂದರೆ ಪಾಸ್‌ವರ್ಡ್ ಕೊಡುವುದಿಲ್ಲ, ಕೇಳಿದಷ್ಟು ಕೊಟ್ಟರೆ ಮಾತ್ರ ಬಿಡುತ್ತಾರೆ. ಇದು ವ್ಯಾಪಾರವಲ್ಲ, ಒತ್ತೆ ಇಟ್ಟುಕೊಳ್ಳುವುದು. ಒಂದು ಶಾಲೆಯವರು ನನ್ನ ಬಳಿ ಬಂದಾಗ ಅವರ ಹಳೆಯ ಡಿಸೈನರ್ ಊರು ಬಿಟ್ಟಿದ್ದ, ಫೋನ್ ನಂಬರೂ ಬದಲಾಗಿತ್ತು. ನವೀಕರಣದ ಎಚ್ಚರಿಕೆಗಳೆಲ್ಲ ಅವನ ಇಮೇಲಿಗೇ ಹೋಗಿದ್ದವು. ಅಡ್ಮಿಷನ್ ಸಮಯದಲ್ಲಿ ಹೆಸರು ಕೈತಪ್ಪಿತು. ಕರಪತ್ರ, ಬ್ಯಾನರ್, ಬಸ್ಸಿನ ಮೇಲೆ ಬರೆಸಿದ ವಿಳಾಸ ಎಲ್ಲ ವ್ಯರ್ಥ.

ಡಾಟ್ ಕಾಂ ಹೆಸರಿನ ಅವಧಿ ಮುಗಿದರೆ ರಿಜಿಸ್ಟ್ರಾರ್ ಹೆಚ್ಚೆಂದರೆ 45 ದಿನ ಕಾಯಬಹುದು, ಅಷ್ಟೂ ದಿನ ಕಾಯಲೇಬೇಕೆಂದಿಲ್ಲ. ಅಳಿಸಿಹಾಕಿದ ಮೇಲೆ 30 ದಿನ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ, ಅದಕ್ಕೆ ದುಬಾರಿ ಶುಲ್ಕ. ಕೊನೆಯ 5 ದಿನ ಯಾರಿಂದಲೂ ಏನೂ ಮಾಡಲಾಗದು, ಆಮೇಲೆ ಹೆಸರು ಸಿಕ್ಕವರ ಪಾಲು. ಆದ್ದರಿಂದ ಗ್ರಾಹಕರ ಪಕ್ಕದಲ್ಲಿ ಕೂತು, ಅವರದೇ ಇಮೇಲ್, ಅವರದೇ ನಂಬರ್ ಹಾಕಿ ಖಾತೆ ತೆರೆಸು. ಒಂದು ಮಧ್ಯಾಹ್ನ ಹೋದರೂ ಪರವಾಗಿಲ್ಲ. ಹೋಸ್ಟಿಂಗ್, ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಮಾಹಿತಿ ಎಲ್ಲಕ್ಕೂ ಇದೇ ಮಾತು. ನಿನ್ನನ್ನು ಬಿಟ್ಟುಹೋಗಲು ಅವರಿಗೆ ಯಾವ ಅಡ್ಡಿಯೂ ಇರಬಾರದು. ಆದರೂ ಉಳಿದವರೇ ನಿನ್ನ ಗ್ರಾಹಕರು.

ಹಾಗಾದರೆ ವರ್ಷ ವರ್ಷ ದುಡ್ಡು ಬರುವುದು ಯಾತರಿಂದ ಎಂದು ಕೇಳುತ್ತೀಯ. ನೋಡಿಕೊಳ್ಳುವುದರಿಂದ. 'ವರ್ಡ್‌ಪ್ರೆಸ್ ಪುಕ್ಕಟೆ ಅಲ್ವಾ, ನಿಮಗೇಕೆ ದುಡ್ಡು?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಪುಕ್ಕಟೆ. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಹೊರತಂದಾಗಿನಿಂದಲೂ ಮುಕ್ತ ತಂತ್ರಾಂಶವೇ. ಆದರೆ ಅದರ ಮೇಲೆ ಹಾಕಿದ ಪ್ಲಗಿನ್‌ಗಳಲ್ಲಿ ತೂತುಗಳು ಕಾಣಿಸಿಕೊಳ್ಳುತ್ತಲೇ ಇರುತ್ತವೆ, ಕೆಲವನ್ನು ಬರೆದವರೇ ಕೈಬಿಡುತ್ತಾರೆ, ಹೋಸ್ಟಿಂಗ್‌ನವರು ಪಿಎಚ್‌ಪಿ ಬದಲಿಸಿದ ದಿನ ಹಳೆಯ ಥೀಮ್ ಬಿಳಿ ಪುಟವಾಗಿ ನಿಲ್ಲುತ್ತದೆ. ಇಂಥದೇ ಇನ್ನೊಂದು ತಂತ್ರಾಂಶವಾದ ಡ್ರೂಪಲ್ 7 ಬಂದದ್ದು 2011ರ ಜನವರಿಯಲ್ಲಿ, ಅದಕ್ಕೆ ಬೆಂಬಲ ನಿಂತದ್ದು 2025ರ ಜನವರಿ 5ಕ್ಕೆ. ಮುಂದಿನ ಆವೃತ್ತಿಗಳ ರಚನೆಯೇ ಬೇರೆಯಾದ್ದರಿಂದ ಎಷ್ಟೋ ಸೈಟುಗಳನ್ನು ಬುಡದಿಂದ ಕಟ್ಟಬೇಕಾಯಿತು. ಇದನ್ನೆಲ್ಲ ಗ್ರಾಹಕರಿಗೆ ಮೊದಲ ಭೇಟಿಯಲ್ಲೇ ಹೇಳು. ಲಿಫ್ಟಿಗೆ, ಜನರೇಟರಿಗೆ ವಾರ್ಷಿಕ ನಿರ್ವಹಣೆಯ ಎಎಂಸಿ ಕಟ್ಟುವ ಆಸ್ಪತ್ರೆಯವರಿಗೆ ವೆಬ್‌ಸೈಟಿನ ಎಎಂಸಿ ಅರ್ಥವಾಗದ ಮಾತಲ್ಲ. ಏನೇನು ಮಾಡುತ್ತೀಯೆಂದು ಸ್ಪಷ್ಟವಾಗಿ ಬರೆದುಕೊಡು: ತಿಂಗಳಿಗೊಮ್ಮೆ ಅಪ್‌ಡೇಟ್, ಸರ್ವರಿನಿಂದ ಹೊರಗಿಟ್ಟ ಬ್ಯಾಕಪ್, ಇಷ್ಟು ಗಂಟೆಯ ತಿದ್ದುಪಡಿ. ಬ್ಯಾಕಪ್ ತೆಗೆದರೆ ಸಾಲದು, ಆಗಾಗ ಅದನ್ನು ಇನ್ನೊಂದು ಕಡೆ ಏರಿಸಿ ತೆರೆಯುತ್ತದೆಯೇ ನೋಡು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎನ್ನುವುದಿಲ್ಲ.

ಇನ್ನು ಕಂಟೆಂಟ್. ಡಿಸೈನ್ ಎರಡು ವಾರದಲ್ಲಿ ಮುಗಿಯುತ್ತದೆ, 'ಮ್ಯಾಟರ್ ಕೊಡ್ತೀವಿ' ಎಂದವರು ತಿಂಗಳಾದರೂ ಕೊಡುವುದಿಲ್ಲ. ಕೊಟ್ಟರೆ, ಡಿಟಿಪಿ ಅಂಗಡಿಯಲ್ಲಿ ಯಾವತ್ತೋ ಮಾಡಿಸಿದ ಕರಪತ್ರದ ಫೈಲು. ಅದು ಹಳೆಯ 'ನುಡಿ' ಅಥವಾ 'ಶ್ರೀಲಿಪಿ' ಫಾಂಟಿನಲ್ಲಿರುತ್ತದೆ, ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಕೂತು ಪ್ರತಿ ಸಾಲನ್ನೂ ಓದು. ಅರ್ಕಾವತ್ತು ಜಾಗ ತಪ್ಪಿರುತ್ತದೆ, ದೀರ್ಘ ಹಾರಿರುತ್ತದೆ, ಒತ್ತು ಕಳಚಿರುತ್ತದೆ. ವೈದ್ಯರ ಹೆಸರೇ ತಪ್ಪಾಗಿ ಬಿದ್ದರೆ ಚಂದದ ಬಣ್ಣ ಯಾರಿಗೆ ಬೇಕು?

ಇಂಗ್ಲಿಷಿಗೆ ಹೊಲಿದ ಥೀಮ್‌ಗಳು ಕನ್ನಡಕ್ಕೆ ಬಿಗಿಯಾಗುತ್ತವೆ. ಸಾಲಿನ ಎತ್ತರ ಕಡಿಮೆಯಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಬಟನ್ನಿನೊಳಗೆ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಪ್ರತಿ ಹೊಸ ಥೀಮಿನ ಶೀರ್ಷಿಕೆ, ಬಟನ್, ಮೆನುಗಳಲ್ಲಿ 'ಸ್ವಾತಂತ್ರ್ಯ', 'ಲಕ್ಷ್ಮೀ', 'ರಾಷ್ಟ್ರೀಯ' ಎಂದು ಬರೆದು, ಕಡಿಮೆ ಬೆಲೆಯ ಫೋನಿನಲ್ಲಿ ತೆರೆದು ನೋಡು. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಪುಟದ ವಿಳಾಸದಲ್ಲಿ ಕನ್ನಡ ಬಂದರೆ ಒಂದೊಂದು ಅಕ್ಷರ, ಒಂದೊಂದು ಕಾಗುಣಿತ ಚಿಹ್ನೆಯೂ ಒಳಗೊಳಗೆ 9 ಚಿಹ್ನೆಗಳಾಗುತ್ತದೆ. ವರ್ಡ್‌ಪ್ರೆಸ್ ಅಂಥ 200 ಚಿಹ್ನೆಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಅಂದರೆ ಅಕ್ಷರ, ಕಾಗುಣಿತ ಚಿಹ್ನೆ ಸೇರಿ ಸುಮಾರು 22ಕ್ಕೆ ಕನ್ನಡದ ವಿಳಾಸ ತುಂಡಾಗುತ್ತದೆ, ವಾಟ್ಸ್‌ಆ್ಯಪಿನಲ್ಲಿ ಕಳಿಸಿದಾಗ ಲಿಂಕ್ ಉದ್ದುದ್ದ ಶೇಕಡಾ ಗುರುತುಗಳ ಸರವಾಗಬಹುದು. ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀನೇ ಕೊಟ್ಟುಬಿಡು. ಬರೆಯುವವರು ಇಲ್ಲದ ಕಡೆ ಬರವಣಿಗೆಯನ್ನೂ ನೀನೇ ವಹಿಸಿಕೊ, ಅದಕ್ಕೆ ಬೇರೆ ದರ ಹಾಕು. ನಿನ್ನ ಕನ್ನಡ ಚೆನ್ನಾಗಿದೆ, ಅದು ನಿನ್ನ ದೊಡ್ಡ ಬಲ.

ದುಡ್ಡಿನ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಮುಂಗಡವಿಲ್ಲದೆ ಕೆಲಸಕ್ಕೆ ಕೈಹಾಕಬೇಡ, ಪರಿಚಯದವರಾದರೂ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಇವತ್ತೇ ಮಾಡಿಸು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು, ಲಿಖಿತ ಒಪ್ಪಂದವಿದ್ದರೂ, 45 ದಿನದೊಳಗೆ ಕೊಡಬೇಕು. ತಪ್ಪಿದರೆ ಚಕ್ರಬಡ್ಡಿ. ಅದನ್ನು ಬಿಲ್ಲಿನ ಕೆಳಗೆ ವಿನಯವಾಗಿ ಅಚ್ಚು ಹಾಕಿಸು. 1957ರ ಕಾಪಿರೈಟ್ ಕಾಯ್ದೆಯನ್ನೂ ಮರೆಯಬೇಡ. ಹೊರಗಿನವರು ಮಾಡಿಕೊಟ್ಟ ಡಿಸೈನಿನ ಹಕ್ಕು, ಬರಹದಲ್ಲಿ ವರ್ಗಾಯಿಸದ ಹೊರತು, ಸಾಮಾನ್ಯವಾಗಿ ಮಾಡಿದವರದೇ. ವರ್ಗಾವಣೆಯಲ್ಲಿ ಅವಧಿ ಬರೆಯದಿದ್ದರೆ 5 ವರ್ಷವೆಂದೇ ಲೆಕ್ಕ. ಹಣ ಪೂರ್ತಿ ಬಂದ ದಿನ ಹಕ್ಕು ಶಾಶ್ವತವಾಗಿ ಗ್ರಾಹಕರದು ಎಂದು ಒಪ್ಪಂದದಲ್ಲೇ ಹಾಕು. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಗೊತ್ತಿಲ್ಲದವರಿಗೂ ಬರೆದುಕೊಡು.

ನಿನ್ನ ಮೊದಲ ಕೆಲಸ ದಂತವೈದ್ಯರೊಬ್ಬರದಂತೆ. ಒಪ್ಪಂದದ ಕರಡನ್ನು ಸಹಿಗೆ ಮುಂಚೆ ನನಗೊಮ್ಮೆ ಕಳಿಸು. ಯುಗಾದಿಗೆ ಬಂದಾಗ ಕೂತು ಸಾಲು ಸಾಲಾಗಿ ನೋಡೋಣ, ಅಲ್ಲಿಯವರೆಗೆ ಕಾಯಲಾಗದಿದ್ದರೆ ಫೋನ್ ಮಾಡು.

ನಿನ್ನ ಚಿಕ್ಕಮ್ಮ