ಸ್ವಂತ ಖರ್ಚಿನ ಆಲ್ಬಮ್, ತುಮಕೂರು ಸೀಮೆಯ ಕಿವಿ

ಗಾಯಕನೇ ಹಾಡು ಬರೆದು, ಮಟ್ಟು ಹಾಕಿ, ಧ್ವನಿಮುದ್ರಣದ ಖರ್ಚನ್ನೂ ತಾನೇ ಹೊತ್ತು ಹೊರತರುವ ರಾಕ್ ಆಲ್ಬಮ್ ಕನ್ನಡದಲ್ಲಿ ಈಚಿನ ಬೆಳೆಯೆಂದು ತೋರಿದರೂ, ಕೈಯಿಂದ ಹಣ ಹಾಕಿ ಹಾಡುವ ರೂಢಿ ತುಮಕೂರು ಸೀಮೆಗೆ ಹೊಸದಲ್ಲ. ಇಲ್ಲಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಆಡುವವರು ತಮ್ಮ ಪಾತ್ರಕ್ಕೆ ತಾವೇ ದುಡ್ಡು ಕಟ್ಟುತ್ತಾರೆ, ತಿಂಗಳುಗಟ್ಟಲೆ ತಾಲೀಮು ಮಾಡಿಸುವ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಮತ್ತು ಮೈಕ್ ಸೆಟ್ಟಿನ ಬಾಡಿಗೆ ಎಲ್ಲವೂ ಆ ಹಣದಲ್ಲೇ ತೀರಬೇಕು. 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ತಿರುಗಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯ ಕಾಲದಿಂದ ಈ ಸೀಮೆಯ ಕೇಳುಗರ ಕಿವಿ ರಂಗಗೀತೆಗೆ ಪಳಗಿದೆ, ಮತ್ತು ಆ ಕಿವಿ ಮೊದಲು ಕೇಳುವುದು ಸಾಹಿತ್ಯವನ್ನು, ಆಮೇಲೆ ಮಟ್ಟನ್ನು, ವಾದ್ಯವನ್ನು ಕೊನೆಗೆ. ಇದನ್ನು ಮರೆತದ್ದೇ ಈ ಲೇಖಕ ಹೊರತಂದ ಐದು ಹಾಡುಗಳ ಆಲ್ಬಮ್‌ನ ಮೂಲ ದೋಷ.

ಕಣ್ಣೆದುರು ಮಾದರಿ ಇರಲಿಲ್ಲವೆಂದಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಹಲವು ಕಂಪನಿಗಳು ಬೇಡವೆಂದ ಮೇಲೆ 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ ಹೊರಬಂದಿತು. ಅದರಲ್ಲಿ ಶಿಶುನಾಳ ಷರೀಫರ ಪದಗಳಿಗೆ ಗಿಟಾರ್ ಜೊತೆಯಾಗಿದ್ದರೂ ಪದದ ಒಂದಕ್ಷರವೂ ಮುಳುಗುವುದಿಲ್ಲ. ಈ ಲೇಖಕನು ಅಲ್ಲಿಂದ ಗಿಟಾರನ್ನು ಮಾತ್ರ ಕಲಿತನೆಂದರೆ ತಪ್ಪಾಗಲಾರದು.

ತುಮಕೂರಿನ ಬಾಡಿಗೆ ಮನೆಯೊಂದರ ಕೋಣೆಯಲ್ಲಿ, ಗೋಡೆಗೆ ಕಂಬಳಿ ಕಟ್ಟಿ, ಪಕ್ಕದ ಮನೆಯ ನೀರಿನ ಮೋಟಾರು ನಿಲ್ಲುವವರೆಗೆ ಕಾದು ಹಾಡುಗಳನ್ನು ಮುದ್ರಿಸಲಾಯಿತು. ಬೇರೆ ಬೇರೆಯಾಗಿ ಮುದ್ರಿಸಿದ ಧ್ವನಿ ಮತ್ತು ವಾದ್ಯಗಳ ಏರಿಳಿತವನ್ನು ಹೊಂದಿಸುವ ಕೆಲಸವನ್ನು, ಅಂದರೆ ಮಿಕ್ಸಿಂಗನ್ನು, ರಾತ್ರಿಯ ಹೊತ್ತು ಹೆಡ್‌ಫೋನ್ ಹಾಕಿಕೊಂಡು ಮಾಡಲಾಯಿತು. ಡಿಸ್ಟಾರ್ಷನ್, ಅಂದರೆ ನಾದವನ್ನು ಬೇಕೆಂದೇ ಒರಟಾಗಿಸುವ ತಂತ್ರ, ಗಿಟಾರಿಗೆ ತುಂಬಿಸುವ ಕಂಪನಗಳೂ ಕನ್ನಡದ ವ್ಯಂಜನಗಳನ್ನು ಬಿಡಿಸಿ ಕೇಳಿಸುವ ಕಂಪನಗಳೂ ಬಹುಮಟ್ಟಿಗೆ ಒಂದೇ ಎಡೆಯಲ್ಲಿ, ಸುಮಾರು 2 ರಿಂದ 4 ಸಾವಿರ ಹರ್ಟ್ಸ್‌ಗಳ ನಡುವೆ, ಬೀಳುವುದರಿಂದ ಒಂದು ಏರಿದರೆ ಇನ್ನೊಂದು ಮರೆಯಾಗುತ್ತದೆ. ಹೆಡ್‌ಫೋನಿನಲ್ಲಿ ಈ ಮರೆ ತಿಳಿಯಲಿಲ್ಲ. ಹಾಡು ಬರೆದವನಿಗೆ ಸಾಹಿತ್ಯ ಬಾಯಿಪಾಠವಾಗಿರುವ ಕಾರಣ ಕೇಳಿಸದ ಅಕ್ಷರವನ್ನೂ ಅವನ ನೆನಪು ತುಂಬಿಕೊಡುತ್ತದೆ. ತನ್ನ ಹಾಡಿನ ಸ್ಪಷ್ಟತೆಗೆ ತಾನೇ ಸಾಕ್ಷಿಯಾಗಲು ಹೊರಟವನಿಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ.

ತುಮಕೂರಿನ ಗೆಳೆಯರು “ಸೂಪರ್ ಮಗಾ” ಎಂದರು. ಆದರೆ ಆಲ್ಬಮ್ ಹಾಕಿದ್ದ ಸ್ಪಾಟಿಫೈನಲ್ಲಿ ಹಾಡೊಂದು ಕನಿಷ್ಠ 30 ಸೆಕೆಂಡು ಓಡಿದರಷ್ಟೇ ಒಂದು ಕೇಳುವಿಕೆಯೆಂದು ಲೆಕ್ಕ, ಮತ್ತು 2024ರಿಂದ 12 ತಿಂಗಳಲ್ಲಿ 1,000 ಕೇಳುವಿಕೆ ದಾಟದ ಹಾಡಿಗೆ ರಾಯಲ್ಟಿಯೂ ಇಲ್ಲ. ಮೊದಲ ಹಾಡಿನಲ್ಲಿ ಗಿಟಾರಿನ ಪೀಠಿಕೆಯೇ 50 ಸೆಕೆಂಡು ಇದ್ದುದರಿಂದ, ಹೊಗಳಿದವರಲ್ಲಿ ಎಷ್ಟು ಮಂದಿ ಪಲ್ಲವಿಯವರೆಗೆ ಬಂದಿದ್ದರೆಂಬುದನ್ನು ಊಹಿಸಬಹುದು.

ಗುಬ್ಬಿಯ ಹಾರ್ಮೋನಿಯಂ ಮೇಷ್ಟ್ರೊಬ್ಬರು ಮಾತ್ರ ಪೂರ್ತಿ ಕೇಳಿದರು. ಮೊಬೈಲನ್ನು ಹಾರ್ಮೋನಿಯಂ ಪೆಟ್ಟಿಗೆಯ ಮೇಲಿಟ್ಟು, ಬೆರಳಲ್ಲಿ ತಾಳ ಹಾಕುತ್ತ ಕೇಳಿ ಮುಗಿಸಿದ ಅವರು, “ಅದೇನಪ್ಪ ಹೇಳ್ತಿದ್ದೀಯ, ಒಂದಕ್ಷರಾನೂ ತಿಳೀಲಿಲ್ಲವಲ್ಲ” ಎಂದರು. ಮೊಬೈಲಿನ ಪುಟ್ಟ ಸ್ಪೀಕರು ಕೆಳಸ್ವರಗಳನ್ನು ನುಂಗಿಬಿಡುವುದರಿಂದ ಅಷ್ಟು ಕಷ್ಟಪಟ್ಟು ಸೇರಿಸಿದ ಬೇಸ್ ಗಿಟಾರ್ ಕೂಡ ಅವರ ಪಾಲಿಗೆ ಇರಲೇ ಇಲ್ಲ.

ಕುಣಿಗಲ್‌ನ ಪ್ರತಿಕ್ರಿಯೆ ಬೇರೆಯದೇ ಜಾತಿಯದು. ಅಲ್ಲಿನ ಕೆರೆಯ ಮೇಲಿನ ಜನಪದ ಗೀತೆ ನಾಡಿಗೆಲ್ಲ ಗೊತ್ತು. ಆ ಕೆರೆಯನ್ನೇ ಕುರಿತು ಹೊಸದಾಗಿ ಬರೆದ ಹಾಡೊಂದು ಆಲ್ಬಮ್‌ನಲ್ಲಿತ್ತು. ಅದನ್ನು ಕೇಳಿದ ಹಿರಿಯ ಹೆಂಗಸೊಬ್ಬರು ಹಾಡನ್ನು ತೆಗಳಲಿಲ್ಲ, “ನಾವು ಎಲ್ಲಿ ಸೊಲ್ಲು ಹಿಡೀಬೇಕು ಮಗಾ? ಉಸಿರಾಡಕ್ಕೇ ಜಾಗ ಬಿಟ್ಟಿಲ್ಲ” ಎಂದು ಕೇಳಿದರಷ್ಟೆ. ಸೊಲ್ಲು ಹಿಡಿಯುವುದೆಂದರೆ ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಕೂಡಿ ಮರಳಿ ಹಾಡುವುದು. ಆ ಎಡೆಯಲ್ಲೆಲ್ಲ ಈ ಲೇಖಕನು ಡ್ರಮ್ಮಿನ ಉರುಳಿಕೆ ತುಂಬಿದ್ದನು. ಅವರು ಬಯಸಿದ್ದು ಹಾಡಿನೊಳಗೆ ತಮಗೊಂದು ಪಾಲನ್ನು.

ಎರಡನೆಯ ಆವೃತ್ತಿಯಲ್ಲಿ ಪೀಠಿಕೆ 12 ಸೆಕೆಂಡಿಗೆ ಇಳಿಯಿತು, ಧ್ವನಿ 3 ಡೆಸಿಬಲ್ ಏರಿತು, ಕೆರೆಯ ಹಾಡಿನಲ್ಲಿ ಪ್ರತಿ ಸಾಲಿನ ನಂತರ ಡ್ರಮ್ಮು ಬಾಯಿ ಮುಚ್ಚಿಕೊಂಡಿತು. ಮಿಕ್ಸಿಂಗನ್ನು ಹೆಡ್‌ಫೋನ್ ಬದಿಗಿಟ್ಟು ಮೊಬೈಲಿನಲ್ಲಿ, ಆಮೇಲೆ ಗೆಳೆಯನೊಬ್ಬನ ಆಟೋದ ಸ್ಪೀಕರಿನಲ್ಲಿ, ತುಮಕೂರಿನ ಬಿ.ಎಚ್. ರಸ್ತೆಯ ಗದ್ದಲದ ನಡುವೆ ಪರೀಕ್ಷಿಸಲಾಯಿತು. ಸಾಹಿತ್ಯ ತಿಳಿಯದ ಒಬ್ಬರನ್ನು ಕೂರಿಸಿ, ಕೇಳಿದ್ದನ್ನು ಕಾಗದದ ಮೇಲೆ ಬರೆಸಿಯೂ ನೋಡಲಾಯಿತು.

ಗುಬ್ಬಿಯ ಮೇಷ್ಟ್ರು ಅದನ್ನೂ ಕೊನೆಯವರೆಗೆ ಕೇಳಿದರು. ಮೊದಲ ಹಾಡಿನ ಎರಡನೆಯ ಚರಣವನ್ನು ಇನ್ನೊಮ್ಮೆ ಹಾಕಿಸಿಕೊಂಡು, ‘ಮಣ್ಣು’ ಎಂಬುದಕ್ಕೆ ‘ಕಣ್ಣು’ ಹೊಂದಿಸುವ ಭರದಲ್ಲಿ ಅರ್ಥ ಕೆಟ್ಟಿರುವ ಸಾಲಿಗೆ ಸರಿಯಾಗಿ ನಿಲ್ಲಿಸಿ, “ಈಗ ತಿಳೀತು ನೋಡು, ಇಲ್ಲಿ ತಪ್ಪಿದ್ದೀಯ” ಎಂದರು.