ನೀರು ಸೋಸುವ ಬಟ್ಟೆ



ಧಮ್ಮ ಬಂಧುಗಳೇ, ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಹಿರೇಕೆರೂರ ಕಡೆಯ ಉಪಾಸಕಿಯೊಬ್ಬರು ಒಂದು ಪ್ರಶ್ನೆ ಕೇಳಿದರು. "ಸರ್, ಪಾಣಾತಿಪಾತಾ ವೇರಮಣಿ ಅಂತ ಶೀಲ ತಗೊಂಡೀವಿ. ಆಶಾದವರು ಬಂದು ಡ್ರಮ್ಮಿನ್ಯಾಗ ಲಾರ್ವಾ ಅದಾವ, ನೀರು ಚೆಲ್ರಿ ಅಂತಾರ. ಚೆಲ್ಲಿದ್ರ ಆ ಜೀವ ಸಾಯ್ತಾವಲ್ರಿ?" ಎಲ್ಲರೂ ನಕ್ಕರು, ನಾನೂ ನಕ್ಕೆ. ನಗಬಾರದಿತ್ತು. ಮನೆಗೆ ಬರುವತನಕ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಇಂದಿನ ಚಿಂತನೆ ಅದರ ಮೇಲೆಯೇ.

ನಾನು ಪಾಠ ಮಾಡುವುದು ಕನ್ನಡ, ವಿಜ್ಞಾನವಲ್ಲ. ಆದರೂ ನನ್ನ ತರಗತಿಯ ಕಿಟಕಿಯಲ್ಲಿ ಉಪ್ಪಿನಕಾಯಿಯ ಗಾಜಿನ ಭರಣಿಯೊಂದಿದೆ. ತಳದಲ್ಲಿ ತೊಳೆದ ಮರಳು, ಅದರ ಮೇಲೆ ಹಾನಗಲ್ಲ ಕಡೆಯ ಒಂದು ಕೆರೆಯ ನೀರು, ನಾಲ್ಕು ಎಳೆ ನೀರುಗಿಡ, ಎರಡು ಬಸವನಹುಳ. ಇಷ್ಟೇ. ಊಟ ಹಾಕುವ ಕೆಲಸವಿಲ್ಲ. ಗಾಜಿಗೆ ಹತ್ತಿದ ಪಾಚಿಯನ್ನು ಬಸವನಹುಳ ಕೆರೆದು ತಿನ್ನುತ್ತದೆ. ಅದರ ಹೇಸಿಗೆ ಗಿಡಕ್ಕೆ ಗೊಬ್ಬರ. ಬೆಳಕಿನಲ್ಲಿ ಗಿಡ ಬಿಡುವ ಆಮ್ಲಜನಕ ಹುಳಕ್ಕೆ ಉಸಿರು. ಪಟಿಚ್ಚ ಸಮುಪ್ಪಾದ ಅಂದರೇನು ಎಂದು ಮೊದಲ ಸಲ ಬಂದವರು ಕೇಳಿದರೆ ನಾನು ಹನ್ನೆರಡು ಕೊಂಡಿಗಳಿಂದ ಶುರುಮಾಡುವುದಿಲ್ಲ, ಈ ಭರಣಿ ತೋರಿಸುತ್ತೇನೆ.

ಇದು ಎರಡನೆಯ ಭರಣಿ. ಮೊದಲನೆಯದಕ್ಕೆ ಹುಡುಗರು ಹಿಡಿದು ತಂದ ಮೂರು ಕಿರುಮೀನು ಬಿಟ್ಟಿದ್ದೆ. ಶನಿವಾರ ಮಧ್ಯಾಹ್ನ ಮುಚ್ಚಳ ಬಿಗಿದು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ಮನೆಗೆ ಹೋದೆ. ಸೋಮವಾರ ಬಾಗಿಲು ತೆಗೆದರೆ ವಾಸನೆ. ಏಳನೇ ತರಗತಿಯ ಹುಡುಗಿಯೊಬ್ಬಳು ಭರಣಿ ನೋಡಿ, "ಸರ್, ಮೀನಕ್ಕ ರವಿವಾರ ಸೂಟಿ ಇರಂಗಿಲ್ಲಲ್ರಿ" ಅಂದಳು. ಕೊಲ್ಲುವ ಮನಸ್ಸು ನನಗಿರಲಿಲ್ಲ, ನಿಜ. ಆದರೆ ಲಕ್ಷ್ಯವೂ ಇರಲಿಲ್ಲ. ಪಾಲಿಯಲ್ಲಿ ಅದಕ್ಕೆ ಪಮಾದ ಎನ್ನುತ್ತಾರೆ. ಆಮೇಲೆ ಮೀನು ತರಿಸುವುದನ್ನು ಬಿಟ್ಟೆ. ಅಷ್ಟು ಸಣ್ಣ ಭರಣಿ ಮೀನಿನ ಮನೆಯಲ್ಲ.

ಎರಡನೆಯ ಭರಣಿಯಲ್ಲಿ ಒಂದು ದಿನ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಭೂತಗನ್ನಡಿ ಹಿಡಿದೆ. ಒಂದು ಮಿಲಿಮೀಟರಿನ ಆಸುಪಾಸಿನ ಮೈ, ಹಣೆಯ ಮೇಲೆ ಒಂದೇ ಕಣ್ಣು. ಹೆಣ್ಣಿಗೆ ಬಾಲದ ಎರಡೂ ಬದಿಗೆ ಮೊಟ್ಟೆಯ ಚೀಲ, ಜೋಡಿ ಕೊಡ ಹೊತ್ತವಳ ಹಾಗೆ. ಸೈಕ್ಲಾಪ್ಸ್! ಆ ಹೆಸರು ನೆನಪಾದದ್ದೇ ತಡ, ನಮ್ಮಜ್ಜಿಯ ಹಿಮ್ಮಡಿ ಕಣ್ಣ ಮುಂದೆ ಬಂತು.

ಅಜ್ಜಿಯ ತವರು ವಿಜಯಪುರದ ಕಡೆ. ಆಕೆಯ ಹಿಮ್ಮಡಿಯ ಮೇಲೆ ಗಂಟುಗಟ್ಟಿದ ಕಲೆಯಿತ್ತು. ಅದು ನಾರುಹುಣ್ಣಿನ ಕಲೆ. ಎರಡು ಮೂರು ಅಡಿ ಉದ್ದದ ಹುಳ ಚರ್ಮ ಒಡೆದು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ತುಂಡಾದರೆ ಕಾಲು ಬಾತು ಕೀವು. ಬಿತ್ತನೆಯ ದಿನಗಳಲ್ಲಿ ತಿಂಗಳುಗಟ್ಟಲೆ ಮಲಗಿದ್ದಳಂತೆ. "ಹೋದ ಜಲ್ಮದ ಪಾಪ" ಎಂದು ಊರವರು ಅಂದರು, ಅಜ್ಜಿಯೂ ಸಾಯುವತನಕ ಅದನ್ನೇ ನಂಬಿದ್ದಳು.

ನಡೆದದ್ದು ಬೇರೆ. ಹುಣ್ಣಿದ್ದವರು ಉರಿ ತಾಳದೆ ಹೊಂಡದ ನೀರಿಗೆ ಕಾಲಿಟ್ಟಾಗ ಹುಳ ಸಾವಿರಾರು ಮರಿ ಬಿಡುತ್ತದೆ. ಆ ಮರಿಯನ್ನು ಸೈಕ್ಲಾಪ್ಸ್ ನುಂಗುತ್ತದೆ. ಆ ನೀರನ್ನು ನಾವು ಕುಡಿಯುತ್ತೇವೆ. ಹೊಟ್ಟೆಯೊಳಗೆ ಸೈಕ್ಲಾಪ್ಸ್ ಸತ್ತು ಮರಿ ಬದುಕುತ್ತದೆ. ಸುಮಾರು ಒಂದು ವರ್ಷದ ಮೇಲೆ ಕಾಲಿನಿಂದ ಹೊರಬರುತ್ತದೆ. ಕೊಂಡಿಗೆ ಕೊಂಡಿ. ಇದರಲ್ಲಿ ಹೋದ ಜನ್ಮ ಎಲ್ಲಿದೆ? ಇರುವುದು ಈ ಜನ್ಮದ್ದೇ ಒಂದು ಕೊಂಡಿ: ಸೇದುವ ಬಾವಿಯ ಕಟ್ಟೆ ಹತ್ತಲು ಬಿಡದಿದ್ದರಿಂದ ಅಜ್ಜಿಯ ಕೇರಿಯವರು ಹೊಂಡದ ನೀರು ಕುಡಿಯುತ್ತಿದ್ದರು. ಹುಳಕ್ಕೆ ಜಾತಿ ಗೊತ್ತಿರಲಿಲ್ಲ, ಬಾವಿಯ ಕಟ್ಟೆಗೆ ಗೊತ್ತಿತ್ತು. ಹೋದ ಜನ್ಮದ ಕರ್ಮವೆಂಬ ಮಾತನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಯಾಕೆ ಅಷ್ಟು ಖಂಡಿಸಿದರು ಎಂಬುದು ನನಗೆ ಓದಿನಿಂದ ಅರ್ಧ ತಿಳಿದಿತ್ತು, ಉಳಿದರ್ಧ ಆ ಕಲೆಯಿಂದ ತಿಳಿಯಿತು.

ಈ ರೋಗ ಹೋದದ್ದು ಲಸಿಕೆಯಿಂದಲ್ಲ. ಅದಕ್ಕೆ ಲಸಿಕೆಯೇ ಇಲ್ಲ. 1980ರ ದಶಕದಲ್ಲಿ ಕಾರ್ಯಕ್ರಮ ಶುರುವಾಗಿ, ಕೈಪಂಪು ಬಂದವು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿ ಮಾಡಿದರು, ನೀರಿಗೆ ಔಷಧಿ ಹಾಕಿದರು. ಮನೆಮನೆಯಲ್ಲಿ ಬಟ್ಟೆಯಿಂದ ನೀರು ಸೋಸಲು ಕಲಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಮುಕ್ತವಾಯಿತೆಂದು ಒಪ್ಪಿತು. (ನನ್ನ ಭರಣಿಯ ಸೈಕ್ಲಾಪ್ಸ್‌ಗಳಿಗೆ ಈಗ ಯಾರೂ ಹೆದರಬೇಕಿಲ್ಲ.)

ಸೋಸುವ ಬಟ್ಟೆ ಎಂದೊಡನೆ ವಿನಯಪಿಟಕ ಬಲ್ಲವರಿಗೆ ನೆನಪಾಗಿರಬೇಕು. ಭಿಕ್ಖುವಿನ ಎಂಟು ಪರಿಕರಗಳಲ್ಲಿ ಮೂರು ಚೀವರ, ಪಾತ್ರೆ, ಕ್ಷೌರದ ಕತ್ತಿ, ಸೂಜಿ, ನಡುಪಟ್ಟಿಯ ಜೊತೆಗೆ ಎಂಟನೆಯದು ನೀರು ಸೋಸುವ ಬಟ್ಟೆ. ನೀರಿನ ಸಣ್ಣ ಜೀವಿಗಳು ಸಾಯದಿರಲಿ ಎಂದು. ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಕೋಸಲದಲ್ಲಿ ಇಬ್ಬರು ಭಿಕ್ಖುಗಳು ದಾರಿ ನಡೆದಿದ್ದರು. ಒಬ್ಬ ತಪ್ಪು ಮಾಡಿದ, ಇನ್ನೊಬ್ಬ ತಿದ್ದಿದ. ತಿದ್ದಿಸಿಕೊಂಡವನು ಸಿಟ್ಟು ಇಟ್ಟುಕೊಂಡ. ಮುಂದೆ ತಿದ್ದಿದವನಿಗೆ ಬಾಯಾರಿತು, ಸೋಸುವ ಬಟ್ಟೆ ಕೇಳಿದ. ಸಿಟ್ಟಿದ್ದವನು ಕೊಡಲಿಲ್ಲ. ಕೇಳಿದವನು ನೀರಡಿಸಿ ಸತ್ತುಹೋದ. ಸುದ್ದಿ ಕೇಳಿದ ಭಗವಾನರು ಕೊಡದವನನ್ನು ಖಂಡಿಸಿ, ಕೇಳಿದವರಿಗೆ ಬಟ್ಟೆ ಕೊಡಲೇಬೇಕು ಎಂದು ನಿಯಮ ಮಾಡಿದರು.

ನಾನು ಇದನ್ನು ಓದಿದಾಗಲೆಲ್ಲ ಮಹಾಡಕ್ಕೆ ಹೋಗುತ್ತೇನೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ ಕೆರೆಯ ನೀರು ಕುಡಿದರು. ಆಮೇಲೆ ಅಲ್ಲಿಯವರು ಸಗಣಿ, ಗಂಜಲ, ಹಾಲು, ಮೊಸರಿನ ಕೊಡ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಒಂದು ಕಡೆ ಹುಳವೂ ಸಾಯದಿರಲಿ ಎಂದು ನೀರು ಸೋಸುವ ಕೈ. ಇನ್ನೊಂದು ಕಡೆ ಮನುಷ್ಯ ಮುಟ್ಟಿದನೆಂದು ಸಗಣಿ ಸುರಿಯುವ ಕೈ. ನೀರಡಿಕೆಯಿಂದ ಮನುಷ್ಯ ಸತ್ತ ಮೇಲೆ ಹುಳ ಉಳಿಸುವ ಶೀಲಕ್ಕೇನು ಅರ್ಥ ಎಂದು ಆ ಕೋಸಲದ ಪ್ರಸಂಗವೂ ಕೇಳುತ್ತದೆ.

ಇನ್ನು ಲಾರ್ವಾ. ಅಹಿಂಸೆ ಒಂದು ತತ್ವ, ಕಟ್ಟಳೆಯಲ್ಲ ಎಂದು ಬಾಬಾಸಾಹೇಬರು ಬರೆದಿದ್ದಾರೆ. ಕೊಲ್ಲಬೇಕೆಂಬ ಬಯಕೆ ಬೇರೆ, ಕೊಲ್ಲಬೇಕಾಗಿ ಬರುವ ಅಗತ್ಯ ಬೇರೆ. ಡೆಂಗೆಯಿಂದ ಮಗು ಮಲಗುವ ಮನೆಯಲ್ಲಿ ಡ್ರಮ್ಮು ಚೆಲ್ಲುವುದು ಎರಡನೆಯದು. ಆದ್ದರಿಂದ ಅಕ್ಕಾ, ಚೆಲ್ಲಿರಿ. ಬರೀ ಚೆಲ್ಲಿದರೆ ಸಾಲದು, ಒಳಗಿನ ಗೋಡೆ ಉಜ್ಜಿರಿ. ಆ ಸೊಳ್ಳೆಯ ಮೊಟ್ಟೆ ನೀರಿನ ಅಂಚಿಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಮತ್ತೆ ನೀರು ತುಂಬಿದ ದಿನವೇ ಬಾಯಿಗೆ ಹಳೆ ಸೀರೆಯ ತುಂಡು ಬಿಗಿದು ಕಟ್ಟಿರಿ. ಸೊಳ್ಳೆ ಒಳಗೆ ಹೋಗುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಮುಂದಿನ ವಾರ ಕೊಲ್ಲುವ ಪ್ರಸಂಗವೇ ಬರುವುದಿಲ್ಲ.

ಬರುವ ಭಾನುವಾರ ಭರಣಿ ತರುತ್ತೇನೆ. ಶಿಗ್ಗಾಂವಿ, ಸವಣೂರಿನ ಬಂಧುಗಳು ಮಕ್ಕಳನ್ನು ಕರೆದುಕೊಂಡು ಬನ್ನಿ, ಭೂತಗನ್ನಡಿ ಒಂದೇ ಇದೆ, ಸರತಿಯಲ್ಲಿ ನೋಡೋಣ. ಸಂಜೆ ಅದನ್ನು ತಂದ ಕೆರೆಗೇ ಬಿಟ್ಟು ಬರುವವನಿದ್ದೇನೆ.

ಜೈ ಭೀಮ್.