ಹೃದಯದ ಗಾಯಕ್ಕೆ ಕ್ಯಾನ್ಸರಿನ ಜೀನ್ ಮದ್ದಾದೀತೇ?



ಈಳಿಗೆ ಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ವಾರದೊಳಗೆ ಗಾಯ ಕೂಡಿಕೊಳ್ಳುತ್ತದೆ ಅಲ್ವಾ? ಹೃದಯಾಘಾತದಲ್ಲಿ ಸತ್ತ ಸ್ನಾಯು ಹಾಗಲ್ಲ. 25ರ ಪ್ರಾಯದಲ್ಲೇ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಹೊಸದಾಗುವುದು ನೂರಕ್ಕೆ ಸುಮಾರು ಒಂದು. ವಯಸ್ಸಾದಂತೆ ಇನ್ನೂ ಕಡಿಮೆ. ಸತ್ತ ಜಾಗದಲ್ಲಿ ಉಳಿಯುವ ಗಟ್ಟಿ ಕಲೆ ಮಿಡಿಯುವುದಿಲ್ಲ.

ಕ್ಯಾನ್ಸರ್ ಇದಕ್ಕೆ ತದ್ವಿರುದ್ಧ. ಅಲ್ಲಿ ಕೋಶಗಳು ಹೇಳಿದ ಮಾತು ಕೇಳದೆ ಬೆಳೀತಾನೇ ಹೋಗ್ತವೆ. ಸ್ತನ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ 15ರಿಂದ 20 ಮಂದಿಯ ಗಡ್ಡೆಯಲ್ಲಿ ಹೆರ್-2 ಎಂಬ ಜೀನ್ ಅತಿಯಾಗಿ ಕೆಲಸ ಮಾಡುತ್ತಿರುತ್ತದೆ. ಅದನ್ನು ತಡೆಯುವ ಟ್ರಾಸ್ಟುಜುಮಾಬ್ ಔಷಧಿಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಎಷ್ಟೋ ಹೆಂಗಸರ ಜೀವ ಉಳಿಸಿದ ಮದ್ದು ಇದು. ಆದರೆ ಕೆಲವರ ಹೃದಯ ಬಲಹೀನವಾಯಿತು. ಅಂದರೆ ಹೃದಯಕ್ಕೂ ಆ ಜೀನ್ ಬೇಕು ಅಂತಾಯ್ತಲ್ಲ!

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎಲ್ದಾದ್ ತ್ಸಹೋರ್ ಅವರ ತಂಡ ಇಲಿಗಳ ಹೃದಯದಲ್ಲಿ ಇದೇ ಜೀನನ್ನು ಚುರುಕುಗೊಳಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಸ್ನಾಯುಕೋಶಗಳು ಮತ್ತೆ ಎಳೆಯವಾಗಿ, ಒಂದು ಎರಡಾದವು. ಬಿಡದೆ ನಡೆಸಿದಾಗ ಹೃದಯ ವಿಪರೀತ ದೊಡ್ಡದಾಯಿತು. ಸ್ವಲ್ಪ ಕಾಲ ನಡೆಸಿ ನಿಲ್ಲಿಸಿದಾಗ ಮಾತ್ರ ಗಾಯಗೊಂಡ ಹೃದಯ ಸುಧಾರಿಸಿತು. ನಿಲ್ಲಿಸುವುದೇ ಇಲ್ಲಿ ದೊಡ್ಡ ಕೆಲಸ.

ಇದು ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆ ಇನ್ನೂ ಆಗಿಲ್ಲ. ಹೃದಯಕ್ಕೆ ಜೀನ್ ಮದ್ದು ಅಂತ ಯಾರಾದರೂ ಹಣ ಕೇಳಿದರೆ ಸಂಘದಿಂದ ಸಾಲ ತೆಗೆದು ಕೊಡಬೇಡಿ. ನಿಮ್ಮ ಗುಂಪಿನಲ್ಲಿ ಟ್ರಾಸ್ಟುಜುಮಾಬ್ ಪಡೆಯುವ ಅಕ್ಕ ಯಾರಾದರೂ ಇದ್ದರೆ, ಡಾಕ್ಟರು ಹೇಳಿದ ಸಮಯಕ್ಕೆ ಹೃದಯದ ಎಕೋ ಪರೀಕ್ಷೆ ಮಾಡಿಸಿದ್ದಾರಾ ಕೇಳಿ. ಏದುಸಿರು, ಕಾಲಿನ ಊತ ಕಂಡರೆ ಕೂಡಲೇ ತಿಳಿಸಲಿ. ತಾವಾಗಿಯೇ ಮದ್ದು ಬಿಡುವುದು ಬೇಡ.